ಕಮಲಾಕ್ಷಣ್ಣ ಅಂಗಳ ತುಳಿಯದೆ ಓದಿದ್ದು

ಕಮಲಾಕ್ಷಣ್ಣ ಕೆಟ್ಟ ಮನುಷ್ಯ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುತ್ತಾ ಹೋದ ಹಾಗೆ ನನಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ನನ್ನ ನಾಲಗೆ ನನ್ನ ಮಾತನ್ನೇ ಕೇಳುವುದಿಲ್ಲ, ಆಗ ಇದನ್ನು ಹೇಳಲು ಮರೆತುಹೋದೀತು.

ಮೂಡಬಿದಿರೆಯ ಬಸ್ ಸ್ಟ್ಯಾಂಡಿನಲ್ಲಿ ಅವರು ಖಾಸಗಿ ಬಸ್ಸುಗಳ ಟೈಮ್ ಕೀಪರ್ ಆಗಿದ್ದರು. ಒಂದು ಮರದ ಮೇಜು, ಕೊರಳಲ್ಲಿ ಸೀಟಿ, ಎಡಗೈಯಲ್ಲಿ ಗಡಿಯಾರ. ಕಾರ್ಕಳದ ಬಸ್ಸು ಎಷ್ಟಕ್ಕೆ ಬಂತು, ಬಂಟ್ವಾಳದ ಬಸ್ಸು ಎಷ್ಟಕ್ಕೆ ಬಿಟ್ಟಿತು ಎಂದು ಪುಸ್ತಕದಲ್ಲಿ ಬರೆಯುವುದು, ಮೂರು ನಿಮಿಷಕ್ಕಿಂತ ಹೆಚ್ಚು ನಿಂತ ಡ್ರೈವರನಿಗೆ ಊರೆಲ್ಲ ಕೇಳುವ ಹಾಗೆ ಬೈಯುವುದು, ಇದು ಕೆಲಸ. ಅಷ್ಟು ಬಸ್ಸುಗಳನ್ನು ಕಳಿಸಿದ ಮನುಷ್ಯ ತಾನು ಬಸ್ಸು ಹತ್ತುತ್ತಿದ್ದದ್ದು ಶಿರ್ತಾಡಿಯ ಮನೆಗೆ ಹೋಗಿಬರಲಿಕ್ಕೆ ಮಾತ್ರ. ಉಳಿದದ್ದೆಲ್ಲ ಅವರು ಕೂತಲ್ಲಿಗೇ ಬರುತ್ತಿತ್ತು. ಔಷಧಿ, ಮದುವೆ ಕಾಗದ, ಮಲ್ಲಿಗೆ, ಯಾರೋ ಮರೆತ ಕೊಡೆ, ಹುಟ್ಟಿದ ಸುದ್ದಿ, ಸತ್ತ ಸುದ್ದಿ, ಎಲ್ಲವನ್ನೂ ಕಂಡಕ್ಟರುಗಳು ಅವರ ಮೇಜಿಗೆ ತಂದು ಮುಟ್ಟಿಸುತ್ತಿದ್ದರು. ಯಾರ ಮನೆಯ ಬಾಗಿಲಿಗೂ ಹೋಗಿ ನಿಲ್ಲುವ ಅಭ್ಯಾಸ ಅವರಿಗೆ ಇರಲಿಲ್ಲ.

ಆ ಮೇಜಿನ ಎದುರಿನ ಕಟ್ಟಡದ ಮಾಳಿಗೆಯಲ್ಲಿ ನನ್ನ ಅಂಗಡಿ. ತೊಂಬತ್ತೆರಡರಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ಎಂದು ಶುರುಮಾಡಿದ್ದು. ಎರಡು ಸಾವಿರದ ಒಂದರಲ್ಲಿ ಟೈಪ್‌ರೈಟರುಗಳನ್ನು ಗುಜರಿಗೆ ಹಾಕಿ, ಐದು ಕಂಪ್ಯೂಟರ್ ಇಟ್ಟು, ಸೈಬರ್ ಮಾಡಿದೆ. ನನ್ನ ಗಂಡ ಹನೀಫಾ ಜುಬೈಲಿನಲ್ಲಿ. ನನ್ನ ಹಾಗೆಯೇ ಗಂಡ ಗಲ್ಫಿನಲ್ಲಿರುವ ಹೆಂಗಸರು ಬಂಟ್ವಾಳದಿಂದ, ವಾಮದಪದವಿನಿಂದ ಸಹ ಬಂದು ನನ್ನಲ್ಲಿ ಮೈಲ್ ಓದಿಸಿಕೊಳ್ಳುತ್ತಿದ್ದರು, ಉತ್ತರ ಬರೆಸುತ್ತಿದ್ದರು. ಯಾರ ಮನೆಯಲ್ಲಿ ಏನು ಜಗಳ, ಯಾರ ಗಂಡ ಮೂರು ತಿಂಗಳಿಂದ ಬರೆದಿಲ್ಲ, ಎಲ್ಲ ನನಗೆ ಗೊತ್ತಿತ್ತು. ಒಂದು ಮಾತೂ ಹೊರಗೆ ಹೋಗುತ್ತಿರಲಿಲ್ಲ. ಸೌದಾಳ ಅಂಗಡಿಯಲ್ಲಿ ಆಡಿದ್ದು ಗೋಡೆಗೂ ಕೇಳುವುದಿಲ್ಲ ಎಂದು ಹೆಂಗಸರು ಹೇಳುತ್ತಿದ್ದರು. ಅದರ ಬಗ್ಗೆ ನನಗೆ ಒಳ್ಳೆಯ ಜಂಭವೂ ಇತ್ತು.

ಕಮಲಾಕ್ಷಣ್ಣ ತನ್ನ ತಂಗಿಯ ಹತ್ತಿರ ಮಾತು ಬಿಟ್ಟ ಕಥೆ ಬಸ್ ಸ್ಟ್ಯಾಂಡಿಗೆಲ್ಲ ಗೊತ್ತಿದ್ದದ್ದೇ. ತಂಗಿ ಕುಸುಮಕ್ಕ ಹೈಸ್ಕೂಲಿನಲ್ಲಿ ಕನ್ನಡ ಟೀಚರ್, ಮದುವೆಯಾಗಿ ಹೋದದ್ದು ಬೆಳ್ತಂಗಡಿಯ ಆಚೆ ಕೊಕ್ಕಡಕ್ಕೆ. ತೊಂಬತ್ತಾರರಲ್ಲಿ ಇವರ ತಾಯಿಗೆ ಹೊಟ್ಟೆಯಲ್ಲಿ ಕ್ಯಾನ್ಸರ್ ಎಂದು ಗೊತ್ತಾದಾಗ ಕುಸುಮಕ್ಕ ತಾಯಿಯನ್ನು ತನ್ನ ಮನೆಗೆ ಕರೆದುಕೊಂಡು ಹೋದರು. ಅಣ್ಣ ದಿನ ಬಿಟ್ಟು ದಿನ ಕಂಡಕ್ಟರನ ಕೈಯಲ್ಲಿ ಚೀಟಿ ಕಳಿಸಿದರು. ಅಮ್ಮನನ್ನು ಊರಿಗೆ ಕರೆದುಕೊಂಡು ಬಾ, ಜೀವ ಹೋಗುವುದಾದರೆ ಹುಟ್ಟಿದ ಮನೆಯಲ್ಲೇ ಹೋಗಲಿ ಎಂದು. ಕುಸುಮಕ್ಕ ಕರೆದುಕೊಂಡು ಬರಲಿಲ್ಲ, ಯಾಕೆ ಎಂದು ಹೇಳಲೂ ಇಲ್ಲ. ಜಡಿಮಳೆಯ ಆಟಿ ತಿಂಗಳಲ್ಲಿ ತಾಯಿ ಅಲ್ಲಿಯೇ ತೀರಿಕೊಂಡರು. ರಸ್ತೆಗೆ ಮರ ಬಿದ್ದು ಬಸ್ಸು ತಡವಾಗಿ, ಕಮಲಾಕ್ಷಣ್ಣ ಮುಟ್ಟುವಾಗ ಚಿತೆಗೆ ಬೆಂಕಿ ಕೊಟ್ಟಾಗಿತ್ತು.

ಆ ವರ್ಷ, ಆಟಿಯ ಮರುತಿಂಗಳು ಸೋಣದಲ್ಲಿ, ದೈವಕ್ಕೆ ತಂಬಿಲದ ಸೇವೆ ಕೊಡುವ ದಿನ ಮನೆತನದವರೆಲ್ಲ ಚಾವಡಿಯಲ್ಲಿ ಸೇರಿದ್ದರು, ಕುಸುಮಕ್ಕನೂ ಇದ್ದರು. ಕಮಲಾಕ್ಷಣ್ಣ ಎದ್ದು ನಿಂತು, "ಇನ್ನು ನಾನು ಕುಸುಮಳ ಅಂಗಳಕ್ಕೆ ಕಾಲಿಟ್ಟರೆ ಈ ದೈವವೇ ನನ್ನನ್ನು ನೋಡಿಕೊಳ್ಳಲಿ" ಎಂದರು. ದೈವದ ಎದುರು ಆಡಿದ ಮಾತು ನಮ್ಮ ಕಡೆ ಕೋರ್ಟಿನ ತೀರ್ಪಿಗಿಂತ ಗಟ್ಟಿ. ನಾನು ಬ್ಯಾರಿ ಹೆಂಗಸು, ನನಗೂ ಅಷ್ಟು ಗೊತ್ತು.

ಎರಡು ಸಾವಿರದ ಏಳು, ಜೂನ್ ತಿಂಗಳು. ಮಳೆಗಾಲದ ಟೈಮ್ ಟೇಬಲ್ ಟೈಪ್ ಮಾಡಿಸಲಿಕ್ಕೆಂದು ಕಮಲಾಕ್ಷಣ್ಣ ಮೇಲೆ ಬಂದಿದ್ದರು. ಆಗ ಕನ್ನಡದಲ್ಲಿ ಬ್ಲಾಗ್ ಬರೆಯುವ ಹುಚ್ಚು ಹಿಡಿದ ಕಾಲ. ನಾನು ಬಿಡುವಿನಲ್ಲಿ ಅವನ್ನು ಹುಡುಕಿ ಹುಡುಕಿ ಓದುತ್ತಿದ್ದೆ. ಅವತ್ತು ಹೊಸತೊಂದು ಸಿಕ್ಕಿತ್ತು. ಅದರಲ್ಲಿ ಒಬ್ಬ ಹೆಂಗಸು, ತನ್ನ ಅಣ್ಣ ಮೂಡಬಿದಿರೆ ಬಸ್ ಸ್ಟ್ಯಾಂಡಿನಲ್ಲಿ ಸೀಟಿ ಊದುವವನು, ಚಿಕ್ಕವನಿದ್ದಾಗ ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೋಡು ದಾಟಿಸುತ್ತಿದ್ದ ಎಂದು ಬರೆದಿದ್ದಳು.

"ಕಮಲಾಕ್ಷಣ್ಣ, ಬನ್ನಿ ಇಲ್ಲಿ. ಇದು ನಿಮ್ಮ ಬಗ್ಗೆಯೇ ಬರೆದ ಹಾಗೆ ಉಂಟು" ಎಂದೆ.

ಅವರು ಕನ್ನಡಕ ಏರಿಸಿ ಬಗ್ಗಿ ಓದಿದರು. ಮೇಲೆ ಕುಸುಮ ಎಂಬ ಹೆಸರು ಕಂಡದ್ದೇ ಕರೆಂಟು ಹೊಡೆದವರ ಹಾಗೆ ಹಿಂದೆ ಸರಿದರು.

"ಮುಚ್ಚು ಅದನ್ನು."

"ಓದಿ ಮಾರಾಯ್ರೇ, ಚಂದ ಬರೆದಿದ್ದಾರೆ."

"ಅದು ಅವಳು ಕಟ್ಟಿಕೊಂಡ ಜಾಗ ಅಲ್ವಾ? ಅಲ್ಲಿಗೆ ಹೋಗುದು ಅಂದ್ರೆ ಅವಳ ಅಂಗಳಕ್ಕೆ ಹೋದ ಹಾಗೇ. ನಾನು ಮಾತು ಕೊಟ್ಟದ್ದು ಗೊತ್ತುಂಟಲ್ಲ ನಿನಗೆ."

ನಾನು ನಕ್ಕೆ. ಕಂಪ್ಯೂಟರಿನೊಳಗೆ ಎಂಥ ಅಂಗಳ ಎಂದು ಕೇಳಿದೆ. ಅವರು ನಗಲಿಲ್ಲ. ಟೈಮ್ ಟೇಬಲನ್ನೂ ತೆಗೆದುಕೊಳ್ಳದೆ ಇಳಿದು ಹೋದರು. ಮರುದಿನ ಮಧ್ಯಾಹ್ನ ಬಸ್ಸು ಕಡಿಮೆ ಇರುವ ಹೊತ್ತಿಗೆ ಪುನಃ ಬಂದು, ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತರು. ಯಾರದೋ ವಿಷಯ ಕೇಳುವವರ ಹಾಗೆ, "ಪೇಪರ್ ಮನೆಗೆ ಬರ್ತದಲ್ಲ, ಹಾಗೆ ಇದು ನಾವಿದ್ದಲ್ಲಿಗೇ ಬರುವ ದಾರಿ ಏನಾದ್ರೂ ಉಂಟಾ?" ಎಂದರು.

ಇಲ್ಲ ಎಂದಿದ್ದರೆ ಆಗುತ್ತಿತ್ತು. ಅದೊಂದು ಸುಳ್ಳು ಹೇಳಿದ್ದರೆ ಅವರು ಒಂದು ತಿಂಗಳು ಒದ್ದಾಡಿ, ಕೊನೆಗೆ ಹೇಗಾದರೂ ತಂಗಿಯ ಮನೆಗೆ ಹೋಗುತ್ತಿದ್ದರೋ ಏನೋ. ಆದರೆ ನನಗೆ ಗೊತ್ತಿದ್ದದ್ದನ್ನು ತೋರಿಸಿಕೊಳ್ಳುವ ಚಪಲ.

"ಉಂಟು, ಫೀಡ್ ಅಂತ" ಎಂದೆ.

ನಾನು ಅದನ್ನು ಕಲಿತು ವರ್ಷವಾಗಿತ್ತು. ರಬ್ಬರ್ ಧಾರಣೆ, ಪರೀಕ್ಷೆಯ ರಿಸಲ್ಟ್, ಗಲ್ಫಿನ ಕೆಲಸದ ಸುದ್ದಿ ಎಂದು ದಿನಾ ಮೂವತ್ತು ನಲವತ್ತು ತಾಣಗಳಿಗೆ ಒಂದೊಂದಾಗಿ ಹೋಗಿ ಹೊಸತು ಏನಾದರೂ ಉಂಟಾ ಎಂದು ನೋಡಿ ನೋಡಿ ನನ್ನ ಅರ್ಧ ದಿನ ಹಾಳಾಗುತ್ತಿತ್ತು. ಕೆಲವು ತಾಣಗಳ ಮೂಲೆಯಲ್ಲಿ ಒಂದು ಕಿತ್ತಳೆ ಬಣ್ಣದ ಗುರುತು ಇರುತ್ತದೆ, ಅದು ಫೀಡಿನದ್ದು. ರೀಡರ್ ಎಂಬುದನ್ನು ತೆರೆದು ಅದಕ್ಕೆ ತಾಣದ ಹೆಸರು ಒಮ್ಮೆ ಕೊಟ್ಟರೆ ಸಾಕು. ಆಮೇಲೆ ನಾವು ಎಲ್ಲಿಗೂ ಹೋಗಬೇಕಾಗಿಲ್ಲ. ಅಲ್ಲಿ ಹೊಸತು ಬರೆದರೆ ಅದರ ಪ್ರತಿ ರೀಡರಿಗೇ ಬರುತ್ತದೆ. ಓದದೆ ಉಳಿದದ್ದರ ತಲೆಬರಹ ದಪ್ಪ ಅಕ್ಷರದಲ್ಲಿ, ಓದಿದ ಮೇಲೆ ಅದು ಸಪೂರ. ಇದನ್ನೆಲ್ಲ ಅವರಿಗೆ ಬಿಡಿಸಿ ಹೇಳಿದೆ.

"ತರುದು ಯಾರು?" ಎಂದು ಕೇಳಿದರು.

"ರೀಡರಿನವರ ದೊಡ್ಡ ಕಂಪ್ಯೂಟರ್ ಎಲ್ಲಿಯೋ ಉಂಟು. ಅದು ಹೋಗಿ ನೋಡಿ ತರ್ತದೆ."

"ಅಂದ್ರೆ ಕಂಡಕ್ಟರ್."

"ಹೌದು, ಹಾಗೇ ಇಟ್ಟುಕೊಳ್ಳಿ."

"ನಾನು ಓದಿದ್ದು ಅವಳಿಗೆ ಗೊತ್ತಾಗ್ತದಾ?"

"ಇಲ್ಲ. ಕಂಡಕ್ಟರ್ ಬಂದದ್ದು ಮಾತ್ರ. ಓದಿದವರು ಯಾರು ಅಂತ ಅವರಿಗೆ ತಿಳಿಯುದಿಲ್ಲ."

ಕಮಲಾಕ್ಷಣ್ಣ ಎಷ್ಟೋ ಹೊತ್ತು ಯೋಚಿಸಿದರು. ಕಂಡಕ್ಟರನ ಕೈಯಲ್ಲಿ ಬಂದ ಪಾರ್ಸೆಲ್ ಬಿಚ್ಚಿದರೆ ಕಳಿಸಿದವರ ಅಂಗಳ ತುಳಿದ ಹಾಗಾಗುವುದಿಲ್ಲ ಎಂದು ಅವರ ಲೆಕ್ಕ. ಮಾತೂ ಉಳಿಯಿತು, ತಂಗಿಯ ಸುದ್ದಿಯೂ ಸಿಕ್ಕಿತು. "ಹಾಗಾದ್ರೆ ಮಾಡು" ಎಂದರು. ಮಾಡಿಕೊಟ್ಟೆ. "ಇದು ಯಾರಿಗೂ ಗೊತ್ತಾಗಬಾರದು. ನೀನು ಕೂಡ ಇನ್ನು ಅಲ್ಲಿಗೆ ಹೋಗಬೇಡ, ಏನೂ ಬರೆಯಲೂಬೇಡ" ಎಂದು ಮಾತು ತೆಗೆದುಕೊಂಡರು. ಗುಟ್ಟು ಕಾಯುವುದರಲ್ಲಿ ಹೆಸರು ಮಾಡಿದವಳಲ್ಲವಾ ನಾನು, ಕೊಟ್ಟೆ.

ಅಲ್ಲಿಂದ ಮುಂದೆ ಮಂಗಳವಾರ ಮತ್ತು ಶನಿವಾರ ಮೂರು ಗಂಟೆಗೆ ಅವರು ಮೂಲೆಯ ಕಂಪ್ಯೂಟರಿನ ಎದುರು ಬಂದು ಕೂರುತ್ತಿದ್ದರು. ತುಟಿ ಅಲ್ಲಾಡಿಸುತ್ತಾ ನಿಧಾನ ಓದುವುದು. ಕುಸುಮಕ್ಕ ಪತ್ರೊಡೆ ಬಗ್ಗೆ ಬರೆದಿದ್ದರೆ, "ಇವಳಿಗೆ ಏನು ಗೊತ್ತು, ಹುಳಿ ಹೆಚ್ಚು ಹಾಕುವವಳು ಇವಳೇ" ಎಂದು ಒಬ್ಬರೇ ಗೊಣಗುವುದು. ಒಮ್ಮೆ ಜೋರಾಗಿ ನಕ್ಕೂಬಿಟ್ಟರು. ಆ ನಗು ಕೇಳಿ ನನಗೆ ಏನೋ ದೊಡ್ಡ ಪುಣ್ಯ ಕಟ್ಟಿಕೊಂಡ ಹಾಗೆ ಅನಿಸಿತ್ತು.

ಮೂರನೆಯ ವಾರ ಬಂದ ಬರಹ ಬೇರೆ ಥರದ್ದು. ಕುಸುಮಕ್ಕನ ಮಗಳು ಸಾತ್ವಿಕಾ ಉಜಿರೆಯಲ್ಲಿ ಲೆಕ್ಚರರ್, ತಾಯಿಗೆ ಕಂಪ್ಯೂಟರ್ ಕಲಿಸಿದವಳು ಅವಳೇ. ಅವಳು ಬ್ಲಾಗಿನ ಬದಿಯಲ್ಲಿ ಒಂದು ನಕ್ಷೆ ಹಾಕಿಕೊಟ್ಟಿದ್ದಳಂತೆ. ಓದಲು ಬಂದವರು ಯಾವ ಊರಿನಿಂದ ಬಂದರು, ಎಷ್ಟು ಹೊತ್ತು ಇದ್ದರು ಎಂದು ಅದರಲ್ಲಿ ಚುಕ್ಕಿ ಬೀಳುತ್ತದೆ. ಮನೆಯವರ ಓಡಾಟ ಲೆಕ್ಕಕ್ಕೆ ಬಾರದ ಹಾಗೆ ಮಾಡಿಟ್ಟಿದ್ದಳು. ಕುಸುಮಕ್ಕ ಬರೆದಿದ್ದರು: "ಧಾರವಾಡದ ಚುಕ್ಕಿ ಉಂಟು, ಬೆಂಗಳೂರಿನದ್ದು ಉಂಟು. ಮೊನ್ನೆ ಮೊದಲ ಬಾರಿ ಮಂಗಳೂರು ಎಂದು ಒಂದು ಬಿತ್ತು. ನಮ್ಮ ಕಡೆಯಿಂದ ಯಾರು ಬಂದರೂ ಅದು ಮಂಗಳೂರು ಎಂದೇ ತೋರಿಸುತ್ತದಂತೆ. ಮೂರು ನಿಮಿಷ ಇದ್ದು ಹೋಗಿದೆ. ಮೂರು ನಿಮಿಷ ಸರಿಯಾಗಿ ನೋಡಿಕೊಂಡು ಹೊರಡುವವರು ನನಗೆ ಗೊತ್ತಿದ್ದಂತೆ ಒಬ್ಬರೇ."

ಆ ಮೂರು ನಿಮಿಷ ಇದ್ದದ್ದು ನಾನು. ಟೈಮ್ ಟೇಬಲಿನ ದಿನ.

"ನೋಡಿ, ನಿಮ್ಮನ್ನು ಕಾಯ್ತಾ ಇದ್ದಾರೆ" ಎಂದೆ. ಕಮಲಾಕ್ಷಣ್ಣ, "ಕಾಯಲಿ" ಎಂದರು. ಬಾಯಿಗೆ ಬಂದದ್ದು ಅದು. ಆದರೆ ಅದೇ ಬರಹವನ್ನು ನಾಲ್ಕು ಸಲ ಓದಿದರು, ನಾನು ನೋಡಿದ್ದೇನೆ.

ಮರುವರ್ಷ ಆಟಿಯಲ್ಲಿ ಕುಸುಮಕ್ಕ ತಾಯಿಯ ಕೊನೆಯ ದಿನಗಳ ಬಗ್ಗೆ ಬರೆದರು. ಹನ್ನೆರಡು ವರ್ಷ ಬಾಯಿಬಿಡದ ಮಾತು. ತಾಯಿಯೇ ಹೇಳಿದ್ದಂತೆ: "ನನ್ನನ್ನು ಶಿರ್ತಾಡಿಗೆ ಕಳಿಸಬೇಡ ಮಗಾ. ನಾನು ನರಳುವುದನ್ನು ಅವನಿಗೆ ನೋಡಲಿಕ್ಕೆ ಆಗುವುದಿಲ್ಲ, ಅವನು ಹೊರಗೆ ಮಾತ್ರ ಜೋರು. ನಾನು ಹೀಗೆ ಹೇಳಿದೆ ಅಂತಲೂ ಹೇಳಬೇಡ, ಅವನಿಗೆ ಅವಮಾನ ಆದೀತು. ಬೈದರೆ ನೀನು ಬೈಸಿಕೋ." ಕುಸುಮಕ್ಕ ಬೈಸಿಕೊಂಡರು. ದೈವದ ಎದುರು, ಎಲ್ಲರ ಎದುರು, ತುಟಿ ಪಿಟಕ್ಕೆನ್ನದೆ ಬೈಸಿಕೊಂಡರು.

ಅದನ್ನು ಓದಿದ ದಿನ ಕೆಳಗೆ ಕಾರ್ಕಳದ ಬಸ್ಸು ಏಳು ನಿಮಿಷ ನಿಂತಿತು, ಕೇಳುವವರಿರಲಿಲ್ಲ. ಕಮಲಾಕ್ಷಣ್ಣ ಕುರ್ಚಿಯಿಂದ ಏಳಲಿಲ್ಲ. ಕಣ್ಣೀರು ಗಲ್ಲಕ್ಕಿಳಿದು ಅಂಗಿಗೆ ಬೀಳುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ನನಗೂ ತಡೆಯಲಿಕ್ಕಾಗಲಿಲ್ಲ.

"ಇನ್ನೂ ಎಂಥದ್ದಕ್ಕೆ ಕೂತಿದ್ದೀರಿ? ಧರ್ಮಸ್ಥಳದ ಬಸ್ಸು ಈಗ ಬರ್ತದೆ, ಹೋಗಿ" ಎಂದೆ.

"ದೈವದ ಎದುರು ಆಡಿದ ಮಾತು, ಸೌದಾ."

"ಅದಕ್ಕೆ ತಪ್ಪು ಕಾಣಿಕೆ ಅಂತ ಉಂಟಲ್ಲ ನಿಮ್ಮಲ್ಲಿ? ವೀಳ್ಯ ಇಟ್ಟು ತಪ್ಪಾಯ್ತು ಅಂದ್ರೆ ದೈವ ಬಿಟ್ಟುಬಿಡ್ತದೆ ಅಂತ ನೀವೇ ಹೇಳಿದ್ದು."

"ಎಲ್ಲರ ಎದುರು ಆಡಿದ್ದಲ್ವಾ? ಬಿಡಿಸಿಕೊಳ್ಳುದೂ ಎಲ್ಲರ ಎದುರು ಆಗಬೇಕು."

ಅಲ್ಲಿಗೆ ನನಗೆ ವಿಷಯ ತಿಳಿಯಿತು. ದೈವದ ಹೆದರಿಕೆ ಅಲ್ಲ ಅದು. ಅಕ್ಕತಂಗಿಯರ ಮಕ್ಕಳು, ಅವರ ಗಂಡಂದಿರು, ಸೊಸೆಯಂದಿರು ಕೂತಿರುವ ಚಾವಡಿಯಲ್ಲಿ ಎದ್ದು ನಿಂತು, ಕುಸುಮಳದ್ದು ಏನೂ ತಪ್ಪಿಲ್ಲ, ತಪ್ಪು ನನ್ನದು ಎಂದು ಹೇಳಬೇಕಲ್ಲ, ಅದು. ಮೂರು ನಿಮಿಷದ ಕೆಲಸ. ಬಸ್ಸಿಗೆ ಅವರು ಕೊಡುತ್ತಿದ್ದ ಹೊತ್ತು ಅಷ್ಟೇ. ಆ ವರ್ಷದ ತಂಬಿಲಕ್ಕೆ ಅವರು ಹೋದರು, ಕೈಮುಗಿದರು, ಪ್ರಸಾದ ತಂದರು, ಬಾಯಿ ಬಿಡಲಿಲ್ಲ. ಕೇಳಿದ್ದಕ್ಕೆ, "ಬರುವ ವರ್ಷ ನೋಡುವ" ಎಂದರು.

ಫೀಡ್ ಇದ್ದದ್ದರಿಂದಲೇ ಅವರಿಗೆ ಹಾಗೆ ಹೇಳಲಿಕ್ಕೆ ಸಾಧ್ಯವಾಯಿತು ಎಂದು ನನಗೆ ಈಗಲೂ ಸಿಟ್ಟು. ಹಸಿದವನಿಗೆ ದಿನಾ ಒಂದು ತುತ್ತು ಸಿಕ್ಕಿದರೆ ಅವನು ಅಡಿಗೆ ಮಾಡಲಿಕ್ಕೆ ಏಳುವುದಿಲ್ಲ. ವಾರಕ್ಕೆರಡು ಸಲ ತಂಗಿಯ ಮಾತು ಕಿವಿಗೆ ಬೀಳುತ್ತಿದ್ದ ಹಾಗೆಯೇ ಆಯಿತು ಅವರಿಗೆ. ತಂಗಿಗೆ ಏನು ಸಿಗುತ್ತಿತ್ತು? ಖಾಲಿ ನಕ್ಷೆ. ಡಿಸೆಂಬರಿನಲ್ಲಿ ಒಮ್ಮೆ ಬರೆದಿದ್ದರು, ಮಂಗಳೂರಿನ ಚುಕ್ಕಿ ಪುನಃ ಬೀಳಲೇ ಇಲ್ಲ, ಅವತ್ತಿನದ್ದು ಯಾರೋ ದಾರಿ ತಪ್ಪಿ ಬಂದವರಿರಬೇಕು ಎಂದು. ನಾನು ಒಂದು ಗುಂಡಿ ಒತ್ತಿದ್ದರೆ ಒಂದು ಚುಕ್ಕಿ ಬೀಳುತ್ತಿತ್ತು. ಒಂದು ಸಾಲು ಬರೆದು, ನಿಮ್ಮ ಅಣ್ಣ ಎಲ್ಲವನ್ನೂ ಓದುತ್ತಾರೆ ಎಂದು ಹಾಕಬಹುದಿತ್ತು. ಹಾಕಲಿಲ್ಲ. ಒಬ್ಬರ ಗುಟ್ಟು ಬಿಟ್ಟುಕೊಟ್ಟವಳು ಹತ್ತು ಜನರದ್ದು ಬಿಟ್ಟುಕೊಡುತ್ತಾಳೆ ಎಂದಾದೀತು, ನಾಳೆ ಯಾವ ಹೆಂಗಸು ಬಂದು ನನ್ನಲ್ಲಿ ಮನಸ್ಸು ಬಿಚ್ಚಿಯಾಳು ಎಂದುಕೊಂಡೆ. ಅವರಿಗೆ ಅವರ ಮಾತು ದೊಡ್ಡದು, ನನಗೆ ನನ್ನದು. ಬೈಯುವುದಾದರೆ ನನ್ನನ್ನೂ ಸೇರಿಸಿಯೇ ಬೈಯಬೇಕು.

ಎರಡು ಸಾವಿರದ ಒಂಬತ್ತರ ಫೆಬ್ರವರಿಯಲ್ಲಿ ಕುಸುಮಕ್ಕ ಬರೆದರು: "ನನ್ನ ಬರಹ ಇನ್ನು ಮೇಲೆ ಹೊರಗೆ ನಿಂತವರಿಗೆ ಪೂರ್ತಿ ಸಿಗುವುದಿಲ್ಲ, ಮಗಳು ಹಾಗೆ ವ್ಯವಸ್ಥೆ ಮಾಡಿದ್ದಾಳೆ. ಮೊದಲ ನಾಲ್ಕು ಸಾಲು ಮಾತ್ರ ಹೊರಗೆ. ಉಳಿದದ್ದಕ್ಕೆ ಒಳಗೇ ಬರಬೇಕು. ಯಾರು ಬರುತ್ತಾರೆಂದು ನನಗೂ ಕಾಣಲಿ."

ಬರೆಯುವವರಿಗೆ ಆ ಸೌಕರ್ಯ ಉಂಟು. ಫೀಡಿನಲ್ಲಿ ಪೂರ್ತಿ ಕೊಡಬಹುದು, ತುಂಡು ಮಾಡಿಯೂ ಕೊಡಬಹುದು. ತುಂಡಾದರೆ ಕೊನೆಯಲ್ಲಿ "ಮುಂದೆ ಓದಿ" ಎಂದು ಇರುತ್ತದೆ. ಒತ್ತಿದರೆ ನೇರ ಅವರ ತಾಣ. ಮಾರ್ಚ್ ತಿಂಗಳಲ್ಲಿ ಬಂದ ತುಂಡು ಇದು: "ಮಂಗಳೂರಿನ ಡಾಕ್ಟರು ಸ್ಕ್ಯಾನಿಂಗ್ ನೋಡಿ ಹೇಳಿದ್ದನ್ನು ಮಗಳು ನನ್ನಿಂದ ಅಡಗಿಸಲಿಕ್ಕೆ ನೋಡಿದಳು. ನನಗೇನು ತಿಳಿಯುವುದಿಲ್ಲವೇ? ಅಮ್ಮನಿಗೆ ಬಂದದ್ದೇ ನನಗೂ" ಎನ್ನುವಲ್ಲಿಗೆ ನಿಂತಿತ್ತು.

ಕಮಲಾಕ್ಷಣ್ಣ ಮೌಸ್ ಹಿಡಿದರು. ಬಾಣದ ಗುರುತು "ಮುಂದೆ ಓದಿ" ಎಂಬಲ್ಲಿಗೆ ಹೋಗಿ ನಿಂತಿತು. ಒತ್ತಲಿಲ್ಲ.

"ಒತ್ತಿ" ಎಂದೆ.

"ಬೇಡ."

"ನಿಮಗೆ ಆಗುದಿಲ್ಲವಾದ್ರೆ ನಾನು ಒತ್ತಿ ಓದಿ ಹೇಳ್ತೇನೆ."

ಅವರು ಮೌಸಿನ ಮೇಲೆ ಎರಡೂ ಕೈ ಮುಚ್ಚಿಟ್ಟರು. "ನೀನು ನನ್ನ ಪರವಾಗಿ ಹೋದ್ರೂ ನಾನು ಹೋದ ಹಾಗೇ. ಸೋಣದ ತಂಬಿಲ ಬರಲಿ. ಈ ಸಲ ಖಂಡಿತ. ಎಲ್ಲರೆದುರು ತಪ್ಪು ಕಾಣಿಕೆ ಹಾಕಿ, ಮರುದಿನವೇ ಕೊಕ್ಕಡಕ್ಕೆ ಹೋಗ್ತೇನೆ. ಆಣೆ."

"ಇನ್ನೂ ಒಂದು ಆಣೆಯಾ!" ಎಂದು ನಾನು ಕಿರುಚಿದೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಸೋಣಕ್ಕೆ ಇನ್ನು ಐದು ತಿಂಗಳುಂಟು ಕಮಲಾಕ್ಷಣ್ಣ. ನಿಮ್ಮ ತಾಯಿ ಎಷ್ಟು ತಿಂಗಳು ಇದ್ದರು ಹೇಳಿ?"

ಅವರು ಗಡಿಯಾರ ನೋಡಿಕೊಂಡು ಕೆಳಗೆ ಇಳಿದರು.

ಏಪ್ರಿಲಿನಲ್ಲಿ ಮೂರು ತುಂಡು ಬಂತು, ಮೇ ತಿಂಗಳಲ್ಲಿ ಎರಡು. ಅರ್ಧಕ್ಕೆ ನಿಂತ ಸಾಲುಗಳ ಮುಂದಿನ ಭಾಗವನ್ನು ಅವರೇ ಕಟ್ಟಿಕೊಳ್ಳುತ್ತಿದ್ದರು. "ಔಷಧಿ ತೆಗೆದುಕೊಂಡ ಮೇಲೆ" ಎಂದು ನಿಂತಿದ್ದರೆ, "ಹೊಟ್ಟೆನೋವು ಕಮ್ಮಿ ಆಯ್ತು ಅಂತ ಬರೆದಿರ್ತಾಳೆ" ಎನ್ನುವುದು. ಜೂನ್ ಮೊದಲ ವಾರ ಒಂದು ಬಂತು, "ಇವತ್ತು ಸ್ವಲ್ಪ ಎದ್ದು ಕೂತೆ" ಎಂದು. ಕಮಲಾಕ್ಷಣ್ಣನ ಸಂತೋಷ ಹೇಳಿ ಪ್ರಯೋಜನ ಇಲ್ಲ. ಕೆಳಗಿನ ಹೋಟೆಲಿನಿಂದ ಬನ್ಸ್ ಕಟ್ಟಿಸಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟು, "ಎದ್ದು ಕೂತಿದ್ದಾಳಂತೆ, ನಾನು ಹೇಳಿದ್ದೆ ಅಲ್ವಾ?" ಎಂದರು. ನಾನೂ ತಿಂದೆ.

ಮುಂದಿನ ಗುರುವಾರ ಹನ್ನೊಂದು ಗಂಟೆಗೆ ಅವರು ಮೆಟ್ಟಿಲು ಹತ್ತಿ ಬಂದರು. ಅದು ಅವರು ಬರುವ ದಿನವೂ ಅಲ್ಲ, ಹೊತ್ತೂ ಅಲ್ಲ. "ಅದನ್ನು ತೆಗೆ" ಎಂದರು. ತೆರೆದುಕೊಟ್ಟೆ. ದಪ್ಪ ಅಕ್ಷರದಲ್ಲಿ ಏನೂ ಇರಲಿಲ್ಲ.

"ನೋಡು, ಬಂದಿಲ್ಲ. ಆ ಗುರುವಪ್ಪನಿಗೆ ಯಾರೋ ಸುಳ್ಳು ಹೇಳಿದ್ದಾರೆ" ಎಂದರು.

ಗುರುವಪ್ಪ ಧರ್ಮಸ್ಥಳದ ಬಸ್ಸಿನ ಕಂಡಕ್ಟರ್. ಕೊಕ್ಕಡದ ಕುಸುಮ ಟೀಚರ್ ಮಂಗಳವಾರ ತೀರಿಕೊಂಡರು, ಬುಧವಾರ ಬೆಳಿಗ್ಗೆ ದಹನ ಆಯಿತು ಎಂದು ಅವನು ಮೇಜಿಗೆ ತಂದು ಮುಟ್ಟಿಸಿದ್ದ. ಮಾತು ಬಿಟ್ಟ ಅಣ್ಣನಿಗೆ ಫೋನ್ ಮಾಡಿ ತಿಳಿಸಬೇಕೆಂದು ಆ ಮನೆಯವರಿಗೆ ಅನಿಸಿರಲಿಲ್ಲ.

"ಆಗಿದ್ರೆ ಇದರಲ್ಲಿ ಬರ್ತಿತ್ತಲ್ಲ? ಅವಳು ಎಲ್ಲವನ್ನೂ ಬರೀತಾಳೆ. ಬೆಕ್ಕು ಮರಿ ಹಾಕಿದ್ದನ್ನೂ ಬರೆದಿದ್ದಳು. ಇನ್ನೊಮ್ಮೆ ನೋಡು ಮಾರಾಯ್ತಿ."

ಅವರ ಸಮಾಧಾನಕ್ಕೆ ಇನ್ನೊಮ್ಮೆ ನೋಡಿದೆ, ಮತ್ತೊಮ್ಮೆಯೂ ನೋಡಿದೆ. ಏನೂ ಇರಲಿಲ್ಲ. "ಸತ್ತವರು ಬರೆಯುದಿಲ್ಲ ಕಮಲಾಕ್ಷಣ್ಣ" ಎಂದೆ. ಅಷ್ಟು ಒರಟಾಗಿ ಹೇಳಬಾರದಿತ್ತು, ಆದರೆ ನನ್ನ ಸಂಕಟಕ್ಕೂ ಒಂದು ದಾರಿ ಬೇಕಿತ್ತು.

ಅವರು ಕೂತರು. ಮೌಸ್ ಹಿಡಿದರು. "ಇವತ್ತು ಸ್ವಲ್ಪ ಎದ್ದು ಕೂತೆ" ಎಂಬುದರ ಕೆಳಗೆ "ಮುಂದೆ ಓದಿ" ಎಂದಿದ್ದದ್ದನ್ನು ಒತ್ತಿದರು. ದೈವ ಏನೂ ಮಾಡಲಿಲ್ಲ, ಪುಟ ತೆರೆದುಕೊಂಡಿತು. ಮುಂದಿನ ಸಾಲು ಹೀಗಿತ್ತು: "ಅಂಗಳ ಕಾಣುವ ಹಾಗೆ ಮಂಚ ತಿರುಗಿಸಿ ಹಾಕಲು ಹೇಳಿದೆ. ಯಾರಾದರೂ ಬಂದರೆ ಮೊದಲು ನನಗೇ ಕಾಣಬೇಕು."

ಹದಿಮೂರನೆಯ ದಿನದ ಕ್ರಿಯೆಗೆ, ಅದಕ್ಕೆ ಬೊಜ್ಜ ಎನ್ನುತ್ತಾರೆ, ಹೋಗುತ್ತೇನೆಂದು ಅವರು ಹೊರಟರು. ತಪ್ಪು ಕಾಣಿಕೆ ಹಾಕಲಿಲ್ಲ, ಯಾರನ್ನೂ ಕೇಳಲಿಲ್ಲ, ಹದಿಮೂರು ವರ್ಷ ಕಾಯ್ದ ಆಣೆಯ ಮಾತೇ ಅವರ ಬಾಯಲ್ಲಿ ಬರಲಿಲ್ಲ. ಹಿಂದಿನ ದಿನ ಬಂದು, ಬ್ಲಾಗಿನ ಎಲ್ಲ ಬರಹಗಳನ್ನೂ ಪ್ರಿಂಟ್ ತೆಗೆಸಿಕೊಂಡರು. ರೀಡರಿನಲ್ಲಿ ಓದಿದ್ದು ಸಪೂರ ಅಕ್ಷರದಲ್ಲಿ ಕಾಣುವ ಪಟ್ಟಿಯನ್ನೂ ಹಾಗೆಯೇ ತೆಗೆದುಕೊಡು ಎಂದರು. "ನೀನೂ ಬಾ. ನಾನು ಒಬ್ಬನೇ ಹೇಳಿದ್ರೆ ನಂಬುದಿಲ್ಲ. ನೀನು ಸಾಕ್ಷಿ. ಅವಳು ಬರೆದದ್ದು ಒಂದಕ್ಷರವೂ ದಂಡ ಆಗಲಿಲ್ಲ ಅಂತ ಆ ಮಗುವಿಗೆ ಗೊತ್ತಾಗಬೇಕು" ಎಂದರು.

ಮೂಡಬಿದಿರೆಯಿಂದ ಬೆಳ್ತಂಗಡಿ, ಅಲ್ಲಿಂದ ಧರ್ಮಸ್ಥಳ, ಬಸ್ಸು ಬದಲಿಸಿ ಕೊಕ್ಕಡ. ದಾರಿಯುದ್ದಕ್ಕೂ ಅವರು ಕಾಗದದ ಕಟ್ಟನ್ನು ತೊಡೆಯ ಮೇಲೆ ಹಿಡಿದುಕೊಂಡೇ ಇದ್ದರು. ನಾವು ಮುಟ್ಟುವಾಗ ಕ್ರಿಯೆ ಮುಗಿದಿತ್ತು. ಚಪ್ಪರದ ಕೆಳಗೆ ಬಾಳೆ ಎಲೆ ಹಾಕುತ್ತಿದ್ದರು. ಕಮಲಾಕ್ಷಣ್ಣನನ್ನು ಗುರುತಿಸಿದವರು ಮಾತು ನಿಲ್ಲಿಸಿದರು. ಸಾತ್ವಿಕಾ ಒಳಗಿನಿಂದ ಬಂದು ಜಗಲಿಯ ಮೇಲೆ ನಿಂತಳು. ಇಪ್ಪತ್ತಾರರ ಹುಡುಗಿ, ಅತ್ತೂ ಅತ್ತೂ ಮುಖ ಬಾತುಹೋಗಿತ್ತು. ಬನ್ನಿ ಎನ್ನಲಿಲ್ಲ.

"ಮಗಾ, ನಾನು ಎಲ್ಲ ಓದಿದ್ದೇನೆ. ನಿನ್ನ ಅಮ್ಮ ಬರೆದದ್ದು ಒಂದನ್ನೂ ಬಿಟ್ಟಿಲ್ಲ. ಎರಡು ವರ್ಷ, ವಾರಕ್ಕೆ ಎರಡು ಸಲ. ಇಕೊ, ನೋಡು. ಇವಳನ್ನು ಕೇಳು" ಎಂದು ಕಮಲಾಕ್ಷಣ್ಣ ಕಟ್ಟನ್ನು ಅವಳ ಕೈಗೆ ಕೊಟ್ಟರು. ಎರಡು ವರ್ಷದಲ್ಲಿ ಅಷ್ಟು ಮೆತ್ತಗಿನ ದನಿ ನಾನು ಅವರಿಂದ ಕೇಳಿರಲಿಲ್ಲ.

ಸಾತ್ವಿಕಾ ಒಂದೊಂದೇ ಹಾಳೆ ಮಗುಚಿದಳು. ಅಜ್ಜಿಯ ಬಗ್ಗೆ ಬರೆದದ್ದರಲ್ಲಿ ನಿಂತಳು. ಮಾರ್ಚ್ ತಿಂಗಳದ್ದರಲ್ಲಿ ಪುನಃ ನಿಂತಳು.

"ಇದನ್ನು ಓದಿದ್ರಾ?"

"ಓದಿದೆ ಮಗಾ. ಮೊದಲ ನಾಲ್ಕು ಸಾಲು."

"ಓದಿ, ಗೊತ್ತಾಗಿ, ಬರ್ಲಿಲ್ವಾ?"

ಕಮಲಾಕ್ಷಣ್ಣ ಒಂದು ಹೆಜ್ಜೆ ಹಿಂದೆ ಸರಿದರು.

"ಅಮ್ಮ ಏನು ಹೇಳ್ತಿದ್ರು ಗೊತ್ತುಂಟಾ ಮಾವ? ಅಣ್ಣನಿಗೆ ಕಂಪ್ಯೂಟರ್ ಎಲ್ಲ ಗೊತ್ತಿಲ್ಲ, ನಾನು ಬರೆಯುದು ಅವನಿಗೆ ಮುಟ್ಟುದಿಲ್ಲ, ಮುಟ್ಟಿದ್ರೆ ಅವನು ಓಡಿ ಬರ್ತಿದ್ದ ಅಂತ. ಸಾಯುವ ದಿನವೂ ಅದನ್ನೇ ಹೇಳಿದ್ರು. ಅದನ್ನು ನಂಬಿಕೊಂಡೇ ಹೋದ್ರು."

ಮಳೆ ಹನಿಯಲಿಕ್ಕೆ ಶುರುವಾಗಿತ್ತು. ಕಮಲಾಕ್ಷಣ್ಣ ಮುಂದೆ ಹೋಗಿ ಅವಳ ಕೈಯಿಂದ ಕಾಗದಗಳನ್ನು ತೆಗೆದುಕೊಂಡರು. ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡರು.

"ನಾನು ಓದಿಲ್ಲ ಮಗಾ. ಸುಳ್ಳು ಹೇಳಿದೆ. ನನಗೆ ಎಲ್ಲಿಯ ಕಂಪ್ಯೂಟರ್? ಇದು ಸೌದಾ ನಿನ್ನೆ ತೆಗೆದುಕೊಟ್ಟದ್ದು. ನಿನ್ನ ಅಮ್ಮ ಹೇಳಿದ್ದೇ ಸರಿ" ಎಂದರು.

ಸಾತ್ವಿಕಾ ನನ್ನ ಕಡೆ ತಿರುಗಿದಳು. ಸಾಕ್ಷಿ ಹೇಳಲಿಕ್ಕೆ ಬಂದವಳು ನಾನು. ಅವಳ ಮುಖ ನೋಡಲಿಕ್ಕೆ ಆಗದೆ ನೆಲ ನೋಡಿಕೊಂಡು, "ಹೌದು, ಅವರು ಓದಿಲ್ಲ. ಅವರಿಗೆ ಏನೂ ಗೊತ್ತಿರಲಿಲ್ಲ" ಎಂದೆ.

ಅವಳು ನಂಬಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಜಗಲಿ ಇಳಿದು ಬಂದಳು. ಕಮಲಾಕ್ಷಣ್ಣನನ್ನು ದಾಟಿ ಬಂದು ನನ್ನ ಕೈ ಹಿಡಿದು, "ದೂರದಿಂದ ಬಂದಿದ್ದೀರಿ. ಎಲೆ ಹಾಕಿದ್ದಾರೆ, ನೀವು ಊಟ ಮಾಡಿ ಹೋಗಿ" ಎಂದಳು.